ಟಾರ್ಗೆಟ್ ಯಾವ ಕಡೆ ಸ್ವಾಮಿ?

ಸಿಮ್‌ಲಿಂಕ್ (ಇನ್ನೊಂದು ಫೈಲಿಗೆ ದಾರಿ ತೋರಿಸುವ ಫೈಲು) ಮಾಡುವ ಎಲ್ಎನ್ ಕಮಾಂಡಿಗೆ ಕೊಡೋದು ಎರಡೇ ಆರ್ಗ್ಯುಮೆಂಟು, ಅಂದ್ರೆ ಎರಡೇ ಮಾಹಿತಿ. ಒಂದು ಆಗಲೇ ಇರುವ ಫೈಲು, ಇನ್ನೊಂದು ಹೊಸದಾಗಿ ಹುಟ್ಟಬೇಕಾದ ಲಿಂಕು. ಇದರಲ್ಲಿ ಜಗಳ ಆಡೋಕೆ ಏನಿದೆ ಅಂತೀರಾ? ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಕೇಳಿದ: "ಅಣ್ಣಾ, ಟಾರ್ಗೆಟ್ ಮೊದಲು ಬರಬೇಕಾ, ಆಮೇಲಾ?" ಲಿನಕ್ಸ್ ಇಟ್ಟುಕೊಂಡವನು "ಮೊದಲು" ಅಂದ. ಪಕ್ಕದಲ್ಲಿ ಮ್ಯಾಕ್ ಇಟ್ಟುಕೊಂಡವಳು "ಯಾರೋ ನಿಂಗೆ ಹೇಳಿದ್ದು? ಕೊನೆಗೆ ಕಣೋ" ಅಂದಳು. ಇಬ್ಬರೂ ಮ್ಯಾನ್ ಪೇಜ್, ಅಂದ್ರೆ ಕಮಾಂಡಿನ ಕೈಪಿಡಿ, ತೆಗೆದು ಹುಡುಗನ ಮುಖಕ್ಕೆ ಹಿಡಿದರು.

ಮಜಾ ಏನಂದ್ರೆ ಇಬ್ಬರೂ ಸರಿ! ಲಿನಕ್ಸಿನವನ ಗ್ನೂ ಪುಟದಲ್ಲಿ ಆಗಲೇ ಇರುವ ಫೈಲಿಗೆ ಟಾರ್ಗೆಟ್ ಅಂತಾರೆ, ಹೊಸದಕ್ಕೆ ಲಿಂಕ್_ನೇಮ್. ಮ್ಯಾಕಿನ ಪುಟದಲ್ಲಿ ಆಗಲೇ ಇರುವ ಫೈಲು ಸೋರ್ಸ್_ಫೈಲ್, ಹೊಸದೇ ಟಾರ್ಗೆಟ್_ಫೈಲ್. ಬರೆಯುವ ಕ್ರಮ ಎರಡು ಕಡೆಯೂ ಒಂದೇ, ಹೆಸರು ಮಾತ್ರ ಉಲ್ಟಾ. ಹುಡುಗ ಆ ಕಡೆ ನೋಡಿದ, ಈ ಕಡೆ ನೋಡಿದ, ಕೊನೆಗೆ ಲಿಂಕಿನ ಸಹವಾಸವೇ ಬೇಡ ಅಂತ ಸುಮ್ನೆ ಫೈಲನ್ನು ಕಾಪಿ ಮಾಡಿಕೊಂಡು ಟೀ ಕುಡಿಯೋಕೆ ಹೋದ.

ವೆಬ್‌ಸೈಟ್ ಬರೆಯೋಕೆ ಬಳಸುವ ಪಿಎಚ್‌ಪಿ ಭಾಷೆಯದು ಇನ್ನೊಂದು ಕಥೆ. ಅಲ್ಲಿ ಹುಡುಕುವ ವಸ್ತು ನೀಡಲ್ (ಸೂಜಿ), ಹುಡುಕುವ ಜಾಗ ಹೇಸ್ಟ್ಯಾಕ್ (ಹುಲ್ಲಿನ ಬಣವೆ). ಹೆಸರು ಚೆನ್ನಾಗೇ ಇಟ್ಟಿದ್ದಾರೆ ಬಿಡಿ. ಆದರೆ ಪಟ್ಟಿಯಲ್ಲಿ ಹುಡುಕುವ ಇನ್_ಅರೇಗೆ ಸೂಜಿ ಮೊದಲು, ಬರಹದಲ್ಲಿ ಹುಡುಕುವ ಸ್ಟ್ರ್‌ಪಾಸ್‌ಗೆ ಬಣವೆ ಮೊದಲು. 2020ರಲ್ಲಿ ಪಿಎಚ್‌ಪಿ 8.0 ಬಂದಮೇಲೆ ಆರ್ಗ್ಯುಮೆಂಟಿನ ಹೆಸರನ್ನೇ ಬರೆದು ಕಳಿಸಬಹುದು, ಕ್ರಮ ನೆನಪಿಡೋ ತಲೆನೋವಿಲ್ಲ. ಆದರೆ ಹಾಗೆ ಕರೆಯೋಕೆ ಶುರು ಮಾಡಿದಮೇಲೆ ಲೈಬ್ರರಿ (ಬೇರೆಯವರು ಬಳಸೋ ಸಿದ್ಧ ಕೋಡು) ಬರೆದವರು ಹೆಸರು ಬದಲಾಯಿಸಿದರೆ ನಮ್ಮ ಕೋಡೂ ಮುರಿಯುತ್ತೆ. ಒಂದು ಸಲ ಇಟ್ಟಿದ್ದು ಇಟ್ಟಿದ್ದೇ.

ನಮ್ಮ ಆಫೀಸಿನ ಸ್ವಂತ ಲೈಬ್ರರಿಯಲ್ಲಿ ಇಷ್ಟು ಭಾಗ್ಯವೂ ಇರಲಿಲ್ಲ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಆರ್ಗ್ಯುಮೆಂಟಿನ ಬಗ್ಗೆ ಡಾಕ್ಯುಮೆಂಟಿನಲ್ಲಿ ಬರೆದಿತ್ತು: "ಟೈಮ್ಔಟ್: ಟೈಮ್ಔಟಿನ ವ್ಯಾಲ್ಯೂ." ನಿನ್ನ ಹೆಸರೇನಪ್ಪ ಅಂದ್ರೆ "ನಮ್ಮಪ್ಪನ ಮಗ" ಅಂದ ಹಾಗೆ. ಮೇಲ್ ಕಳಿಸುವ ಭಾಗ ಬರೆದವರು ಪೈಥಾನಿನವರು, ಅವರ ಭಾಷೆಯಲ್ಲಿ ಕಾಯೋಕೆ ಹೇಳುವ ಸ್ಲೀಪ್‌ಗೆ ಕೊಡೋ ಅಂಕಿ ಅಂದ್ರೆ ಸೆಕೆಂಡು. ಪೇಮೆಂಟ್ ಭಾಗದವರು ಜಾವಾಸ್ಕ್ರಿಪ್ಟಿನವರು, ಅವರ ಸೆಟ್‌ಟೈಮ್ಔಟ್‌ಗೆ ಅಂಕಿ ಅಂದ್ರೆ ಮಿಲಿಸೆಕೆಂಡು. ಯಾರೋ ಪುಣ್ಯಾತ್ಮರು ಎರಡೂ ಕಡೆ 30 ಅಂತ ಹಾಕಿದರು. ಮೇಲ್ ಅರಾಮಾಗಿ ಅರ್ಧ ನಿಮಿಷ ಕಾಯುತ್ತಿತ್ತು. ಪೇಮೆಂಟ್ ಮಾತ್ರ ಕಣ್ಣು ಮಿಟುಕಿಸೋ ಮೊದಲೇ "ಬ್ಯಾಂಕಿನಿಂದ ಉತ್ತರ ಬರಲಿಲ್ಲ" ಅಂತ ಕೈ ಎತ್ತಿ, ಮತ್ತೆ ಪ್ರಯತ್ನ ಮಾಡಿ, ಮತ್ತೆ ಕೈ ಎತ್ತಿ, ಇದೇ ಆಟ ಇಡೀ ಶುಕ್ರವಾರ ಸಂಜೆ. ಎಲ್ಲರೂ ಸೇರಿ ಬೈದದ್ದು ಯಾರಿಗೆ? ನೆಟ್‌ವರ್ಕ್ ನೋಡಿಕೊಳ್ಳುವ ಪಾಪದ ಮನುಷ್ಯನಿಗೆ. ಅವನು ಒಂದು ಕೇಬಲ್ ಬೇರೆ ಬದಲಾಯಿಸಿ ಬಂದ.

ಹೆಸರನ್ನೇ ಟೈಮ್ಔಟ್_ಸೆಕೆಂಡ್ಸ್ ಅಂತ ಮಾಡಿ, ಎರಡೂ ಕಡೆ ಸೆಕೆಂಡೇ ಇರಲಿ ಅಂತ ನಾನು ರಿವ್ಯೂಗೆ ಕಳಿಸಿದೆ. "ತುಂಬಾ ಉದ್ದ ಆಯ್ತು, ಚಿಕ್ಕದು ಮಾಡಿ" ಅಂತ ಹಿರಿಯರೊಬ್ಬರು ಬರೆದರು. ಹೆಸರು ಪೂರ್ತಿ ಮಾಡಿಕೊಡೋದು ಎಡಿಟರ್ ಸಾಫ್ಟ್‌ವೇರು, ಉದ್ದ ಆದರೆ ಇವರ ಗಂಟೇನು ಹೋಗುತ್ತೆ ಅಂತ ಗೊತ್ತಿಲ್ಲ. ಚರ್ಚೆ ಆಗಿ, ಮೀಟಿಂಗ್ ಆಗಿ, ಕೊನೆಗೆ ಟೈಮ್ಔಟ್_ಎಸ್ ಅಂತ ರಾಜಿ ಆಯ್ತು. ಮಾರನೇ ದಿನ ಅದೇ ಹುಡುಗ ಬಂದು ಕೇಳಿದ: "ಅಣ್ಣಾ, ಈ ಎಸ್ ಅಂದ್ರೆ ಸ್ಟ್ರಿಂಗ್, ಅಕ್ಷರದ ಸಾಲು ಅಲ್ವಾ? 30 ಅನ್ನು ಕೋಟ್ಸ್ ಒಳಗೆ ಹಾಕಿ ಕಳಿಸಿದೀನಿ."