ಗಾಜಾಕ್ಕೆ ಹಳೇ ಬಟ್ಟೆ ಬೇಡ ಸ್ವಾಮಿ

ವಾಟ್ಸಾಪಿನಲ್ಲಿ ಪೋಸ್ಟರ್ ಬಂತು. ಗಾಜಾದ ಕ್ರೈಸ್ತ ಸೋದರರಿಗಾಗಿ ಜಪಸರ, ಮೇಣದಬತ್ತಿ ಮೆರವಣಿಗೆ. ಕೆಳಗೆ ಸಣ್ಣಕ್ಷರದಲ್ಲಿ, ಉಟ್ಟು ಬಿಟ್ಟ ಬಟ್ಟೆ ಇದ್ದರೆ ತಂದುಕೊಡಿ. ಯಾವ ಧರ್ಮಕೇಂದ್ರ ಅಂತ ಹೇಳಲ್ಲ, ಗೊತ್ತಿರೋರಿಗೆ ಗೊತ್ತಾಗುತ್ತೆ.

ಪ್ರಾರ್ಥನೆಗೆ ನನ್ನ ತಕರಾರಿಲ್ಲ. ಆದರೆ ಯಾರಿಗೆ ಅನ್ನೋದನ್ನ ಹೀಗೆ ಗೆರೆ ಎಳೆದು ಹಂಚೋದಿದೆಯಲ್ಲ, ಅದಕ್ಕೆ ಮೈ ಉರಿಯುತ್ತೆ. ಯುದ್ಧಕ್ಕೆ ಮುಂಚೆ ಗಾಜಾದಲ್ಲಿದ್ದ ಕ್ರೈಸ್ತರು ಸುಮಾರು ಸಾವಿರ, ಒಟ್ಟು ಜನ 20 ಲಕ್ಷಕ್ಕೂ ಮೇಲೆ. ಆ ಸಾವಿರ ಜನವೇ ಈ ಗೆರೆ ಎಳೆದಿಲ್ಲ! 1882ರಲ್ಲಿ ಶುರುವಾದ ಅಲ್-ಅಹ್ಲಿ ಆಸ್ಪತ್ರೆ ಜೆರುಸಲೇಮಿನ ಆಂಗ್ಲಿಕನ್ ಧರ್ಮಪ್ರಾಂತ್ಯದ್ದು, ಅಲ್ಲಿ ಮಲಗಿರೋರು ಬಹುಪಾಲು ಮುಸ್ಲಿಮರು. 2025ರ ಏಪ್ರಿಲ್ 13, ಗರಿಗಳ ಭಾನುವಾರ, ಅದರ ಮೇಲೆ ದಾಳಿಯಾಯಿತು. ಜೆನೆಟಿಕ್ ಲ್ಯಾಬ್ ನೆಲಸಮ, ತುರ್ತು ವಿಭಾಗಕ್ಕೂ ಹಾನಿ. ಜುಲೈ 17ಕ್ಕೆ ಗಾಜಾದ ಒಂದೇ ಕಥೋಲಿಕ ಚರ್ಚು, ಪವಿತ್ರ ಕುಟುಂಬದ ಚರ್ಚಿಗೇ ಶೆಲ್ ಬಿದ್ದು ಮೂವರು ಸತ್ತರು. ಮಾರನೇ ದಿನವೇ ಜೆರುಸಲೇಮಿನ ಕಥೋಲಿಕರ ಮುಖ್ಯಸ್ಥ ಕಾರ್ಡಿನಲ್ ಪಿಜ್ಜಬಲ್ಲ ಮತ್ತು ಗ್ರೀಕ್ ಆರ್ಥಡಾಕ್ಸ್ ಪಿತೃಪ್ರಧಾನ ಮೂರನೇ ಥಿಯೊಫಿಲೋಸ್ ಒಟ್ಟಿಗೆ ಗಾಜಾದೊಳಗೆ ಹೋದರು. ಆಗ ಹೊಂದಿಸಿದ ನೂರಾರು ಟನ್ ಆಹಾರ ಕ್ರೈಸ್ತರಿಗಷ್ಟೇ ಅಲ್ಲ, ಆದಷ್ಟು ಎಲ್ಲ ಕುಟುಂಬಗಳಿಗೆ ಅಂತ ಹೇಳಿಯೇ ಹೋದರು. ನಾವೇನೋ ಅವರಿಗಿಂತ ದೊಡ್ಡ ಕ್ರೈಸ್ತರು!

ಇನ್ನು ಬಟ್ಟೆ ವಿಷಯ. ಇಲ್ಲಿಂದ ಮೂಟೆ ಕಟ್ಟಿ ಕಳಿಸಿದರೆ ಮುಟ್ಟುತ್ತೆ ಅಂದುಕೊಂಡಿದ್ದೀರಾ? ಗಾಜಾದೊಳಗೆ ಹೋಗೋದೆಲ್ಲ ಇಸ್ರೇಲಿನ ಹಿಡಿತದ ಕೆರೆಮ್ ಶಾಲೋಮ್‌ನಂಥ ಗಡಿ ದ್ವಾರಗಳಲ್ಲಿ ತಪಾಸಣೆ ಆಗಬೇಕು. ಕಳಿಸುವ ಸಂಸ್ಥೆ ನೋಂದಣಿಯಾಗಿರಬೇಕು, ಸಾಮಾನಿನ ಪಟ್ಟಿ ಮೊದಲೇ ಒಪ್ಪಿಗೆಯಾಗಬೇಕು. ಸೈನಿಕ ಬಳಕೆಗೂ ಬರಬಹುದು ಅಂತ ಜನರೇಟರ್, ಆಮ್ಲಜನಕದ ಸಿಲಿಂಡರ್, ಸೋಲಾರ್ ಪ್ಯಾನಲ್, ಡೇರೆಯ ಕಂಬ ಕೂಡ ತಡೆದದ್ದುಂಟು. ಪಟ್ಟಿಯಲ್ಲಿ ಒಂದು ವಸ್ತು ತಕರಾರಾದರೆ ಇಡೀ ಲಾರಿ ವಾಪಸ್ ಬಂದದ್ದೂ ಉಂಟು. ನಿಮ್ಮ ಮಗನ ಬಿಗಿಯಾದ ಜೀನ್ಸು ಯಾವ ಪಟ್ಟಿಯಲ್ಲಿ ಹೋಗುತ್ತೆ?

ಬೇಕಾದದ್ದು ಏನು ಅಂತ ನೋಡಬೇಕಾದರೆ 2023ರ ಡಿಸೆಂಬರ್ 16 ನೆನಪಿಸಿಕೊಳ್ಳಿ. ಗಾಜಾದ ಮದರ್ ತೆರೇಸಾ ಸಿಸ್ಟರುಗಳ ಮಠದಲ್ಲಿ 54 ಅಂಗವಿಕಲರಿದ್ದರು. ಮುಸ್ಲಿಂ ಮಕ್ಕಳನ್ನೂ ಸಾಕೋ ಮನೆ ಅದು. ಲ್ಯಾಟಿನ್ ಪೇಟ್ರಿಯಾರ್ಕೇಟ್, ಅಂದರೆ ಜೆರುಸಲೇಮಿನ ಕಥೋಲಿಕ ಧರ್ಮಾಡಳಿತ, ಹೇಳಿದ ಪ್ರಕಾರ ಇಸ್ರೇಲಿ ಸೇನೆಯ ಟ್ಯಾಂಕಿನ ಹೊಡೆತಕ್ಕೆ ಅಲ್ಲಿದ್ದ ಒಂದೇ ಜನರೇಟರ್, ಇಂಧನ ಎಲ್ಲ ಹೋಯಿತು. ಜನರೇಟರ್ ನಿಂತರೆ ಕತ್ತಲಾಗೋದಷ್ಟೇ ಅಲ್ಲ, ಅವರಲ್ಲಿ ಕೆಲವರಿಗೆ ಉಸಿರಾಟದ ಯಂತ್ರ ಇಲ್ಲದೆ ಬದುಕೇ ಇಲ್ಲ. ಪೋಪ್ ಫ್ರಾನ್ಸಿಸ್ ಬಿಟ್ಟುಹೋದ ವಾಹನವನ್ನು ಕಥೋಲಿಕರ ನೆರವು ಸಂಸ್ಥೆ ಕಾರಿತಾಸ್ ಗಾಜಾ ಮಕ್ಕಳಿಗಾಗಿ ಕ್ಲಿನಿಕ್ ಮಾಡಿದೆಯಲ್ಲ, ಅದರೊಳಗಿನ ಯೋಜನೆ ನೋಡಿ: ತಪಾಸಣೆ ಕಿಟ್, ಗಾಯ ಹೊಲಿಯೋ ಸಾಮಾನು, ಸಿರಿಂಜ್, ಆಮ್ಲಜನಕ, ಲಸಿಕೆಗೆ ಫ್ರಿಜ್ಜು. ಅದೇ ಪೋಪ್ ಯುದ್ಧ ಶುರುವಾದಾಗಿನಿಂದ ಸಾಯುವ ಎರಡು ದಿನ ಮುಂಚಿನವರೆಗೆ ಹೆಚ್ಚುಕಡಿಮೆ ದಿನಾ ಸಂಜೆ ಆ ಪವಿತ್ರ ಕುಟುಂಬದ ಚರ್ಚಿಗೆ ಫೋನ್ ಮಾಡಿ ಏನು ತಿಂದಿರಿ ಅಂತ ವಿಚಾರಿಸ್ತಿದ್ದರು, ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ. ನಮ್ಮ ಪೋಸ್ಟರ್ ಬರೆದವರು ಒಂದು ಇಮೇಲ್ ಹಾಕಿ ಕೇಳಿದ್ದಾರಾ?

ಈಗ ಬರುತ್ತೆ ನೋಡಿ ಆ ಪ್ರಶ್ನೆ: "ಮಣಿಪುರ ಬಿಟ್ಟು ಗಾಜಾ ಯಾಕೆ?" 2023ರ ಮೇ 3ರಿಂದ ಮಣಿಪುರ ಹೊತ್ತಿ ಉರಿಯಿತು, ಚರ್ಚುಗಳೂ ಸುಟ್ಟುಹೋದವು, ಸರಿ. ಆದರೆ ಇದನ್ನು ಕೇಳೋರಲ್ಲಿ ಎಷ್ಟು ಜನ ಮಣಿಪುರಕ್ಕೆ ಒಂದು ಪೈಸೆ ಕೊಟ್ಟಿದ್ದೀರಿ? ಇದು ಕಾಳಜಿಯಲ್ಲ, ಎರಡೂ ಕಡೆಗೂ ಕೊಡದಿರೋ ಉಪಾಯ.

ಹಣ ಕೊಡೋರಿಗೆ ದಾರಿ ಇದೆ. ಶುಭ ಶುಕ್ರವಾರದ ಕಾಣಿಕೆ ಪವಿತ್ರ ನಾಡಿಗೆಂದೇ ಎತ್ತೋದು: ಶೇ. 65 ಅಲ್ಲಿನ ಪುಣ್ಯಸ್ಥಳಗಳನ್ನ ನೋಡಿಕೊಳ್ಳೋ ಫ್ರಾನ್ಸಿಸ್ಕನ್ ಸನ್ಯಾಸಿಗಳ ‘ಕಸ್ಟಡಿ’ಗೆ, ಉಳಿದ ಶೇ. 35 ರೋಮಿನ ಪೌರಸ್ತ್ಯ ಚರ್ಚುಗಳ ಇಲಾಖೆಗೆ. ಅವತ್ತು ಹುಂಡಿಗೆ ಹತ್ತು ರೂಪಾಯಿ ಮಡಚಿ ಹಾಕಿ ಬರ್ತೀವಿ, ನಾನೂ ಸೇರಿ. ನೇರ ಕಳಿಸೋದಾದರೆ ಗಾಜಾದ ಕಥೋಲಿಕ ಧರ್ಮಕೇಂದ್ರ ಲ್ಯಾಟಿನ್ ಪೇಟ್ರಿಯಾರ್ಕೇಟ್ ಅಡಿ ಬರೋದು, ಕಸ್ಟಡಿ ಅಡಿ ಅಲ್ಲ. ವಿಳಾಸ ಬರೆಯುವಾಗ ಕಲಸಿಕೊಳ್ಳಬೇಡಿ. ನಿಮ್ಮ ಸ್ವಂತ ಖಾತೆಯಿಂದ, ಪ್ಯಾನ್ ಕೊಟ್ಟು, ಎಲ್‌ಆರ್‌ಎಸ್ (ರಿಸರ್ವ್ ಬ್ಯಾಂಕಿನ ಹೊರದೇಶಕ್ಕೆ ಹಣ ಕಳಿಸೋ ಯೋಜನೆ) ಅಡಿ ದಾನ ಅಂತ ನಮೂದಿಸಿ ಕಳಿಸಬಹುದು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಂತ ಹೆದರಿಸುವವರಿಗೆ ಹೇಳಿ, ಅದು ದೇಶದೊಳಗೆ ಬರೋ ಹಣಕ್ಕೆ. ಬ್ಯಾಂಕಿನವರು ಹತ್ತು ಪ್ರಶ್ನೆ ಕೇಳ್ತಾರೆ, ಪಡೆಯೋರ ವಿವರ ಬರವಣಿಗೆಯಲ್ಲಿ ತರಿಸಿಟ್ಟುಕೊಂಡು ಹೋಗಿ. ರಸೀದಿಯನ್ನೂ ಕೇಳಿ ತರಿಸಿ.