ಅಪ್ಪನ ಬಲಗೆನ್ನೆ

ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವರು. ದೀಪಾವಳಿಗೆ ಊರಿಗೆ ಹೋದಾಗ ನರಕ ಚತುರ್ದಶಿಯ ಬೆಳಿಗ್ಗೆ ಅವರಿಗೆ ಎಣ್ಣೆ ಹಚ್ಚುತ್ತಿದ್ದೆ. ಎಡಗೆನ್ನೆಯ ಮೇಲೆ ಬೆರಳು ಸಲೀಸಾಗಿ ಜಾರಿತು. ಬಲಗೆನ್ನೆಯಲ್ಲಿ ಕಣ್ಣಿನ ಕೊನೆಯಿಂದ ದವಡೆಯವರೆಗೆ ಗೆರೆಗಳು, ಉತ್ತ ಹೊಲದ ಸಾಲಿನ ಹಾಗೆ. ಮುಖ ಒಂದೇ, ವಯಸ್ಸೂ ಒಂದೇ. ಚಾಲಕನ ಕಿಟಕಿ ಮಾತ್ರ ಬಲಗಡೆ.

ಸುಕ್ಕು ತಗ್ಗಿಸುತ್ತದೆ ಎನ್ನುವ ಪೆಪ್ಟೈಡ್ ಕ್ರೀಮಿನ ಜಾಹೀರಾತು ಕಂಡಾಗಲೆಲ್ಲ ನನಗೆ ಈಗ ಆ ಕೆನ್ನೆಯೇ ಕಣ್ಣಮುಂದೆ ಬರುತ್ತದೆ.

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ಚೂರು. ಅದು ಬರೀ ಬೊಗಳೆಯಲ್ಲ. ಚರ್ಮದ ಬಿಗಿಗೆ ಕಾರಣವಾದ ಕೊಲಾಜನ್ ಎಂಬ ಪ್ರೋಟೀನ್ ಬಿಸಿಲಿಗೆ ತುಂಡಾಗುತ್ತದೆ. ಅದರ ಮೂಲರೂಪದಲ್ಲಿರುವ ಐದು ಅಮೈನೋ ಆಮ್ಲಗಳ ಒಂದು ಚೂರು ಜೀವಕೋಶಗಳಿಗೆ ತಾಗಿದರೆ ಅವು ಮತ್ತೆ ಕೊಲಾಜನ್ ಕಟ್ಟತೊಡಗುತ್ತವೆ ಎಂದು 1993ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು. ಮನೆ ಬಿದ್ದ ಸುದ್ದಿಯನ್ನು ಅದೇ ಮನೆಯ ಇಟ್ಟಿಗೆಯೇ ಮೇಸ್ತ್ರಿಗೆ ತಲುಪಿಸಿದಂತೆ! ನನಗೆ ಇದು ಇಂದಿಗೂ ಬೆರಗು. ಆ ಚೂರನ್ನು ಕೃತಕವಾಗಿ ತಯಾರಿಸಿ, ಚರ್ಮದ ಜಿಡ್ಡಿನ ಪದರವನ್ನು ದಾಟಲೆಂದು ಅದಕ್ಕೊಂದು ಕೊಬ್ಬಿನಾಮ್ಲದ ಬಾಲ ಸೇರಿಸಿದರು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 93 ಮಹಿಳೆಯರು 12 ವಾರ ಮುಖದ ಅರ್ಧಕ್ಕೆ ಪೆಪ್ಟೈಡ್ ಇರುವ ಕ್ರೀಮ್, ಇನ್ನರ್ಧಕ್ಕೆ ಅದಿಲ್ಲದ ಕ್ರೀಮ್ ಹಚ್ಚಿಕೊಂಡರು. ಪೆಪ್ಟೈಡ್ ಹಚ್ಚಿದ ಕಡೆ ಸಣ್ಣ ಗೆರೆಗಳು ತುಸು ತಗ್ಗಿದವು. ತುಸು ಮಾತ್ರ. ಅಧ್ಯಯನ ಮಾಡಿದವರೂ ಕ್ರೀಮ್ ತಯಾರಿಸುವ ಕಂಪನಿಯ ವಿಜ್ಞಾನಿಗಳೇ.

ಈ 'ತುಸು'ವನ್ನು 'ಹತ್ತು ವರ್ಷ ಚಿಕ್ಕವರಾಗಿ' ಎಂದು ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೂ ಹೆಚ್ಚಿನ ಸಿಟ್ಟು, ತಾಮ್ರ ಸೇರಿದ ಇನ್ನೊಂದು ಬಗೆಯ ಪೆಪ್ಟೈಡನ್ನು ಆನ್‌ಲೈನ್‌ನಲ್ಲಿ ತರಿಸಿ ತಾವೇ ಚುಚ್ಚಿಕೊಳ್ಳಲು ಹುರಿದುಂಬಿಸುವವರ ಮೇಲೆ. 'ಸಂಶೋಧನೆಗೆ ಮಾತ್ರ' ಎಂದು ಬರೆದ ಸೀಸೆಯಲ್ಲಿ ಏನಿದೆ, ಎಷ್ಟು ಶುದ್ಧವಾಗಿದೆ ಎಂದು ಯಾರು ನೋಡಿದ್ದಾರೆ? ದಯವಿಟ್ಟು ಆ ಸೂಜಿಯನ್ನು ಮುಟ್ಟಬೇಡಿ.

ಕೈಯಲ್ಲಿ ದುಡ್ಡಿದ್ದರೆ ಪೆಪ್ಟೈಡ್ ಕ್ರೀಮ್ ಹಚ್ಚಿಕೊಳ್ಳಿ, ನಾನೂ ಹಚ್ಚಿಕೊಳ್ಳುತ್ತೇನೆ. ಆದರೆ ಒಂದನ್ನು ಮಾತ್ರ ಕೊಳ್ಳಲು ಸಾಧ್ಯವಾದರೆ ಸನ್‌ಸ್ಕ್ರೀನ್ ಕೊಳ್ಳಿ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಇತರರದಕ್ಕಿಂತ ಕಡಿಮೆ ಮುಪ್ಪಾಗಿತ್ತು. ಮೇಸ್ತ್ರಿ ಒಂದು ಕಡೆ ಕಟ್ಟುತ್ತಿರುವಾಗ ಬಿಸಿಲು ಇನ್ನೊಂದು ಕಡೆ ಕೆಡವುತ್ತಿದ್ದರೆ ಮನೆ ಎಂದು ಎದ್ದೀತು?

ತಮ್ಮ ಈಗ ಕ್ಯಾಬ್ ಓಡಿಸುತ್ತಾನೆ. ಅವನಿಗೊಂದು ಟ್ಯೂಬ್ ಕೊಟ್ಟೆ. "ಗಾಜು ಏರಿಸಿಯೇ ಓಡಿಸುತ್ತೇನಲ್ಲ ಅಕ್ಕ" ಎಂದ. ಮುಪ್ಪು ತರುವ ಕಿರಣಗಳು ಪಕ್ಕದ ಗಾಜನ್ನೂ ದಾಟಿ ಬರುತ್ತವೆ ಎಂದು ಹೇಳಿ, ಅಪ್ಪನನ್ನು ಅವನೆದುರು ಕೂರಿಸಿ ಎರಡೂ ಕೆನ್ನೆ ತೋರಿಸಿದೆ.