ದಿನಕ್ಕೊಂದು ಚುಕ್ಕಿ

ಶುಕ್ರವಾರ ಸಂಜೆ ಐದೂ ಮುಕ್ಕಾಲಿಗೆ ಎಚ್‌ಆರ್ ಮೇಲ್ ಬಂತು. ಸ್ಕಿಲ್ ಫಾರ್ಮ್ ಇವತ್ತೇ ತುಂಬಬೇಕಂತೆ. ಪುಣೆಯ ಹಿಂಜೆವಾಡಿ ಐಟಿ ಪಾರ್ಕಿನಲ್ಲಿ ದುಡಿಯೋರಿಗೆ ಆ ಹೊತ್ತಿನ ಬೆಲೆ ಗೊತ್ತು. ಆರರೊಳಗೆ ಫೇಸ್ 3 ಬಿಟ್ಟರೆ ಊಟದ ಹೊತ್ತಿಗೆ ಮನೆ. ಆರೂ ಕಾಲಾಯ್ತೋ, ಕಾರಲ್ಲಿ ಕೂತು ಶಿವಾಜಿನಗರದ ಕಡೆ ಹೋಗುವ ಮೆಟ್ರೋ ಕಂಬಗಳನ್ನು ಎಣಿಸಬೇಕು. ನನಗೆ ಕೆಲವು ಕಂಬಗಳು ಈಗ ಮುಖಪರಿಚಯ.

ಫಾರ್ಮಿನಲ್ಲಿ ನಲವತ್ತೆರಡು ವಿದ್ಯೆಗಳ ಪಟ್ಟಿ. ಪ್ರತಿಯೊಂದಕ್ಕೂ ನಮಗೆ ನಾವೇ ಒಂದರಿಂದ ಐದು ನಕ್ಷತ್ರ ಕೊಟ್ಟುಕೊಳ್ಳಬೇಕು. ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಐದು ಕೊಟ್ಟರೆ 'ಹಾಗಾದ್ರೆ ಜೂನಿಯರ್‌ಗಳಿಗೆ ಟ್ರೇನಿಂಗ್ ಕೊಡಿ' ಅನ್ನುತ್ತಾರೆ. ಎರಡು ಕೊಟ್ಟರೆ 'ಹಾಗಾದ್ರೆ ಟ್ರೇನಿಂಗ್ ತಗೊಳ್ಳಿ' ಅನ್ನುತ್ತಾರೆ. ಎರಡೂ ಇರೋದು ಶನಿವಾರವೇ. ಅದಕ್ಕೇ ಎಲ್ಲದಕ್ಕೂ ಮೂರು ಮೂರು ಒತ್ತಿಕೊಂಡು ಹೋದೆ, ಮೆಸ್ಸಿನವನು ಎಲ್ಲರ ತಟ್ಟೆಗೂ ಒಂದೇ ಸೌಟು ದಾಲ್ ಸುರಿದ ಹಾಗೆ.

ನಾನು ನಿಜವಾಗಿ ಮಾಡುವ ಕೆಲಸಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನಾನು ನೋಡಿಕೊಳ್ಳುವುದು ಒಂದು ಮುದಿ ಬಿಲ್ಲಿಂಗ್ ಸಿಸ್ಟಮ್. 2014ರಲ್ಲಿ ಬಂದ ಜಾವಾ 8ರ ಮೇಲೆ ಇನ್ನೂ ಉಸಿರಾಡುತ್ತಿದೆ. ತಿಂಗಳ ಕೊನೆ ರಾತ್ರಿ ಅದಕ್ಕೆ ಯಾಕೆ ಜ್ವರ ಬರುತ್ತದೆ, ಎಲ್ಲಿ ತಟ್ಟಿದರೆ ಏಳುತ್ತದೆ ಅನ್ನೋದು ಇಡೀ ಕಟ್ಟಡದಲ್ಲಿ ನನಗೆ, ಮತ್ತೆ ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಕೆನಡಾಕ್ಕೆ ಹೋದ ಒಬ್ಬನಿಗೆ ಮಾತ್ರ ಗೊತ್ತು. ಅದು ಬಿದ್ದರೆ ಎಲ್ಲರಿಗೂ ನನ್ನ ನೆನಪಾಗುತ್ತದೆ. ಬೀಳದಿದ್ದರೆ 'ಇವನೇನು ಮಾಡ್ತಾನೆ?' ಅಂತ ಕೇಳುತ್ತಾರೆ.

ಕೊನೆಯ ಕಾಲಂ ಪಕ್ಕ ಕೆಂಪು ನಕ್ಷತ್ರ. ಅಂದರೆ ಕಡ್ಡಾಯ. 'ಪರ್ಸನಲ್ ಪ್ರಾಜೆಕ್ಟ್‌ಗಳು.'

ದಿನಕ್ಕೆ ಹತ್ತು ಗಂಟೆ ಕೋಡ್ ಬರೆದು ಮನೆಗೆ ಹೋದಮೇಲೆ ಸುಮ್ನೆ ಖುಷಿಗೆ ಏನು ಕೋಡ್ ಬರೀತೀಯ ಅಂತ ಕೇಳೋದು ನಮ್ಮನ್ನು ಮಾತ್ರ. ಹಲ್ಲಿನ ಡಾಕ್ಟರನ್ನು ಯಾರಾದರೂ ಹೀಗೆ ಕೇಳುತ್ತಾರಾ?

ಪಕ್ಕದ ಸೀಟಿನ ಹುಡುಗ ಮಾತ್ರ ಐದು ನಿಮಿಷದಲ್ಲಿ ಫಾರ್ಮ್ ಮುಗಿಸಿ ಬ್ಯಾಗ್ ಏರಿಸಿದ. ಅವನ ವಿಷಯ ಸ್ವಲ್ಪ ಹೇಳಲೇಬೇಕು. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ವೆಬ್‌ಸೈಟಿನಲ್ಲಿ ಕೋಡ್ ಸೇರಿಸಿದ ದಿನಕ್ಕೊಂದು ಹಸಿರು ಚೌಕ ಬೀಳುತ್ತದೆ, ಸುಮ್ನಿದ್ದ ದಿನ ಬೂದು ಬಣ್ಣ. ಇವನ ವರ್ಷವಿಡೀ ಹಸಿರು, ಕೊಂಕಣದ ಮಳೆಗಾಲದ ಹಾಗೆ. ಎಷ್ಟು ಶ್ರದ್ಧೆ ಅಂತ ಒಂದು ದಿನ ಒಳಗೆ ಹೋಗಿ ನೋಡಿದೆ. ಅವನು ಪ್ರಾಜೆಕ್ಟಿನ ಪರಿಚಯ ಬರೆದಿಡುವ ರೀಡ್‌ಮಿ ಫೈಲಿನ ಕೊನೆಯ ಸಾಲಿಗೆ ಒಂದು ಚುಕ್ಕಿ ಹಾಕುತ್ತಾನೆ. ಮರುದಿನ ಅದನ್ನು ತೆಗೆಯುತ್ತಾನೆ. ಅದರ ಮರುದಿನ ಮತ್ತೆ ಹಾಕುತ್ತಾನೆ. ಹಾಕಿದ್ದಕ್ಕೂ ಹಸಿರು, ತೆಗೆದದ್ದಕ್ಕೂ ಹಸಿರು. ನಮ್ಮಜ್ಜಿ ಬೆಳಗ್ಗೆ ಎದ್ದು ಬಾಗಿಲಿಗೆ ಚುಕ್ಕಿ ಇಡುತ್ತಿದ್ದಳು, ಆದರೆ ಅವಳು ಅವುಗಳನ್ನು ಸೇರಿಸಿ ರಂಗೋಲಿನಾದರೂ ಮಾಡುತ್ತಿದ್ದಳು. ಹೋದ ವರ್ಷ ಇವನ ಮದುವೆಗೆ ಹೋಗಿದ್ದೆವು. ಅಂತರಪಟ ಹಿಡಿದಿದ್ದಾರೆ, ಭಟ್ಟರು ಮಂಗಲಾಷ್ಟಕ ಎಳೆಯುತ್ತಿದ್ದಾರೆ, ನಮ್ಮ ಕೈಯಲ್ಲಿ ಅಕ್ಷತೆ. ಪರದೆಯ ಈಚೆ ಇವನು ತಲೆ ತಗ್ಗಿಸಿ ನಿಂತಿದ್ದಾನೆ. ಹುಡುಗನಿಗೆ ನಾಚಿಕೆ ಅಂದುಕೊಂಡರು ಹೆಂಗಸರು. ನನಗೆ ಅನುಮಾನ ಬಂತು. ಸಂಜೆ ತೆಗೆದು ನೋಡಿದೆ. ಹಸಿರು! ಆ ದಿನ ಚುಕ್ಕಿ ತೆಗೆಯುವ ಸರದಿ ಇತ್ತು.

ಅವನ ಫಾರ್ಮಿನಲ್ಲಿ ಓಪನ್ ಸೋರ್ಸ್‌ಗೆ, ಅಂದರೆ ಎಲ್ಲರಿಗೂ ತೆರೆದಿಟ್ಟ ಕೋಡಿಗೆ ಕೈಜೋಡಿಸುವುದಕ್ಕೆ, ಐದು ನಕ್ಷತ್ರ. ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ನನ್ನದೂ ಒಂದು ಪ್ರಾಜೆಕ್ಟ್ ಇದೆ ಮಾರಾಯ್ರೆ. ಕನ್ನಡ ಪದಬಂಧದ ಆ್ಯಪ್. ಬಳಸುವವರು ಮೂರೇ ಜನ. ನಾನು, ವಾಕಡ್‌ನಲ್ಲಿರುವ ಗೆಳೆಯ, ಕಲಬುರಗಿಯಲ್ಲಿರುವ ಅಪ್ಪ. ಎರಡು ವಾರದಲ್ಲಿ ಮುಗಿಯುತ್ತೆ ಅಂತ ಶುರು ಮಾಡಿದ್ದು, ಮೂರು ವರ್ಷ ಆಯ್ತು. ತಪ್ಪು ನನ್ನದಲ್ಲ, ಒತ್ತಕ್ಷರದ್ದು. ಕಂಪ್ಯೂಟರಿಗಾಗಿ ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಕೊಟ್ಟಿದ್ದಾರೆ, ಅದರಲ್ಲಿ ಒತ್ತಕ್ಷರಗಳಿಗೆ ಬೇರೆ ಜಾಗ ಇಲ್ಲ. ಮೂಲ ಅಕ್ಷರ, ನಡುವೆ ಸ್ವರ ಕಳೆಯುವ ಹಲಂತ ಅನ್ನೋ ಗುರುತು, ಮತ್ತೆ ಅಕ್ಷರ ಅಂತ ಪೋಣಿಸಬೇಕು. ನಮ್ಮ ಕಣ್ಣಿಗೆ 'ಸ್ತ್ರೀ' ಒಂದು ಅಕ್ಷರ. ಕಂಪ್ಯೂಟರ್ ಎಣಿಸಿದರೆ ಆರು. 'ಕಲ್ಲಂಗಡಿ'ಗೆ ನಾಲ್ಕು ಮನೆ ಸಾಕು, ಅದು ಎಂಟು ಮನೆ ಕಟ್ಟಿಕೊಟ್ಟಿತು. ಇಂಟರ್‌ವ್ಯೂಗಳಲ್ಲಿ ಎಲ್ಲರಿಗೂ ಕೇಳುತ್ತಾರಲ್ಲ, ಪದ ತಿರುಗಿಸಿ ಬರೆಯೋ ಪ್ರೋಗ್ರಾಂ? ಅದಕ್ಕೆ 'ಪುಣೆ' ಕೊಟ್ಟು ನೋಡಿ. ಎತ್ವ ಬಂದು ಮೊದಲು ನಿಲ್ಲುತ್ತದೆ, ಹಿಡಿದುಕೊಳ್ಳೋಕೆ ಅಕ್ಷರ ಇಲ್ಲದೆ, ಚುಕ್ಕಿಗಳ ಒಂದು ವೃತ್ತಕ್ಕೆ ಜೋತುಬಿದ್ದು.

ಇದನ್ನೆಲ್ಲ ಎಷ್ಟೋ ರಾತ್ರಿ ಕೂತು ಸರಿ ಮಾಡಿದ್ದೇನೆ. ಹಾಗಾಗಿ ಆ ಕಾಲಂನಲ್ಲಿ ಸ್ವಲ್ಪ ಎದೆ ಉಬ್ಬಿಸಿಯೇ 'ಪದಬಂಧ' ಅಂತ ಕನ್ನಡದಲ್ಲಿ ಟೈಪ್ ಮಾಡಿ ಒತ್ತಿದೆ. ಕೆಂಪು ಸಾಲು ಬಂತು. 'ದಯವಿಟ್ಟು ವಿಶೇಷ ಚಿಹ್ನೆಗಳನ್ನು ಬಳಸಬೇಡಿ.' ಮ್ಯಾನೇಜರನ್ನು ಕೇಳಿದೆ. 'ಚಾಲೇಲ್ ರೇ, ಕಾಹೀತರಿ ಲಿಹೀ' ಅಂದರು, ಏನೋ ಒಂದು ಬರಿ, ನಡೆಯುತ್ತೆ ಅಂತ. ಏನು ಬರೀಲಿ ಅಂತ ಯೋಚಿಸುತ್ತಾ ಕೂತೆ. ಅಷ್ಟರಲ್ಲಿ ಫಾರ್ಮ್ ಟೈಮ್‌ಔಟ್ ಆಯಿತು. ನಲವತ್ತೆರಡು ಸೌಟು ದಾಲೂ ಹೋಯಿತು.

ಫೇಸ್ 2ರ ಹತ್ತಿರ ಒಂದು ಪರಿಚಯದ ಕಂಬದ ಬುಡದಲ್ಲಿ ನಿಂತಿದ್ದಾಗ ಅಪ್ಪನ ಫೋನ್ ಬಂತು.

'ಎಡದಿಂದ ಬಲಕ್ಕ ಒಂಬತ್ತು. ಉತ್ತರ ಸಾಫ್ಟ್‌ವೇರ್ ಅಲ್ಲೇನು?'

'ಹೌದು.'

'ನಾಕ್ ಅಕ್ಷರ. ಮನಿ ಐದದಾವು. ನಡುವಿಂದು ಖಾಲಿ ಉಳೀತದ. ಅದ್ರಾಗ ಯಾರದಾರ?'

ಹೇಳುವುದು ಹೇಗೆ? 'ಫ್ಟ್' ಮತ್ತು 'ವೇ' ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದು ಇಲ್ಲದಿದ್ದರೆ 'ವೇ' ಹೋಗಿ 'ಫ್ಟ್' ಕೆಳಗೆ ಒತ್ತಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಎರಡನ್ನೂ ದೂರ ಇಡೋದೇ ಅದರ ಕೆಲಸ. ಅಪ್ಪನಿಗೆ ಇಷ್ಟೆಲ್ಲ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

'ಕಾಣಂಗಿಲ್ಲ, ಆದ್ರ ಒಂದ್ ಮನಿ ಹಿಡದದ.'

'ಹೂಂ.'

'ದೀಪಾವಳಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ತಗಿಸೀಯೇನು?'

ತೆಗೆಸಿರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಮಾಡಿದ. ಮೂರಡಿ ಮುಂದೆ ಹೋದೆ. ಟಿಕೆಟ್ ರಾತ್ರಿಯೇ ನೋಡಬೇಕು, ಖಾಲಿ ಮನೆಯನ್ನೂ. ಸೋಮವಾರ ಮತ್ತೆ ಆ ಫಾರ್ಮ್ ಇದೆ.